ದೇವನಹಳ್ಳಿ: ಬಂಡಿಗಳು ನಿಂತ ಸೀಮೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟವರಲ್ಲಿ ಬಹುಪಾಲು ಜನ ಬಲಕ್ಕೆ ತಿರುಗಿ ವಿಮಾನ ನಿಲ್ದಾಣ ಸೇರುತ್ತಾರೆ. ಅವರ ಟಿಕೆಟ್ಟಿನ ಮೇಲೆ ಬೆಂಗಳೂರು ಎಂದು ಬರೆದಿರುತ್ತದೆ. ಕಾಲಿಡುವ ನೆಲ ಮಾತ್ರ ದೇವನಹಳ್ಳಿ ತಾಲ್ಲೂಕಿನದು. ಹಾಗೆ ತಿರುಗದೆ ನೇರವಾಗಿ ಇನ್ನೂ ಕೆಲವು ಕಿಲೋಮೀಟರ್ ಮುಂದೆ ಹೋದರೆ ದೇವನಹಳ್ಳಿ ಪೇಟೆ ಬರುತ್ತದೆ. ಬೆಂಗಳೂರಿನ ನಡುಭಾಗದಿಂದ ಸುಮಾರು 40 ಕಿಲೋಮೀಟರ್ ದೂರ. 2011ರ ಜನಗಣತಿಯ ಹೊತ್ತಿಗೆ ಇಲ್ಲಿದ್ದವರು 28 ಸಾವಿರದಷ್ಟು ಜನ. ಪುರಸಭೆ, ಸಂತೆ, ಕೆರೆ, ಹಳೆಯ ರೈಲು ನಿಲ್ದಾಣ, ಎಲ್ಲದರ ಪಕ್ಕದಲ್ಲಿ ಒಂದು ಕಲ್ಲಿನ ಕೋಟೆ.

ಆ ಕೋಟೆಯನ್ನು ಮೊದಲು ಕಟ್ಟಿದ್ದು 1501ರಲ್ಲಿ. ಕೆಂಪೇಗೌಡರು ಬೆಂಗಳೂರಿನ ಕೋಟೆ ಮತ್ತು ಪೇಟೆಯನ್ನು ಕಟ್ಟಿದ್ದು 1537ರಲ್ಲಿ. ಅಂದರೆ ದೇವನಹಳ್ಳಿಯ ಕೋಟೆ ಬೆಂಗಳೂರಿನ ಕೋಟೆಗಿಂತ 36 ವರ್ಷ ಹಿರಿಯದು. ಈ ಎರಡೂ ಊರುಗಳನ್ನು ಕಟ್ಟಿದ ಮನೆತನಗಳು, ಇಲ್ಲಿನ ಪರಂಪರೆ ಹೇಳುವಂತೆ, ಒಂದೇ ಗುಂಪಿನಿಂದ ಕವಲೊಡೆದವು. ಬೆಂಗಳೂರು ಬೆಳೆಯುತ್ತಾ ಬಂದು ದೇವನಹಳ್ಳಿಯನ್ನು ಮುಟ್ಟಿತು ಎಂದು ನಾವು ಸಾಮಾನ್ಯವಾಗಿ ಮಾತನಾಡುತ್ತೇವೆ. ಚರಿತ್ರೆಯ ಕಡೆಯಿಂದ ನೋಡಿದರೆ ಬೆಂಗಳೂರೇ ಈ ಸೀಮೆಯಿಂದ ಹೊರಟ ಒಂದು ಕವಲು. ಇದು ಅರ್ಥವಾಗಬೇಕಾದರೆ ಕೋಟೆಯನ್ನು ಸದ್ಯಕ್ಕೆ ಬಿಟ್ಟು, ಇನ್ನೂ ಸ್ವಲ್ಪ ಉತ್ತರಕ್ಕೆ, ಚಿಕ್ಕಬಳ್ಳಾಪುರದ ದಿಕ್ಕಿನಲ್ಲಿರುವ ಅವತಿ ಎಂಬ ಹಳ್ಳಿಗೆ ಹೋಗಬೇಕು.

ಅವತಿಯಲ್ಲಿ ಇಳಿಸಿದ ಸಾಮಾನು

ಕಥೆ ಶುರುವಾಗುವುದು ಕಂಚಿಯ ಕಡೆಯ ಆಲೂರು ಎಂಬ ಊರಿನಲ್ಲಿ. ಮೊರಸು ಒಕ್ಕಲಿಗರ ಒಂದು ಕುಟುಂಬದಲ್ಲಿ ದೊಡ್ಡಮ್ಮ ಎಂಬ ಹುಡುಗಿ ಇದ್ದಳು. ಅಲ್ಲಿನ ಪ್ರಬಲನೊಬ್ಬ ಅವಳನ್ನು ತನಗೆ ಮದುವೆ ಮಾಡಿಕೊಡಬೇಕೆಂದು ಹಟ ಹಿಡಿದ. ಕೊಡಲು ಮನಸ್ಸಿಲ್ಲ, ಎದುರಿಸಲು ಶಕ್ತಿಯಿಲ್ಲ. ಮನೆಯವರು ರಾತ್ರೋರಾತ್ರಿ ಬಂಡಿಗಳಿಗೆ ಸಾಮಾನು ಹೇರಿಕೊಂಡು ಹೊರಟರು. ಬೆನ್ನಟ್ಟಿ ಬಂದವರು ಹತ್ತಿರವಾದಾಗ ಎದುರಿಗೆ ಪಾಲಾರ್ ನದಿ ತುಂಬಿ ಹರಿಯುತ್ತಿತ್ತು. ದೊಡ್ಡಮ್ಮ ತನ್ನ ಕಿವಿಯ ಓಲೆಯನ್ನು ತೆಗೆದು ನದಿಗೆ ಅರ್ಪಿಸಿದಳು. ನೀರು ಇಬ್ಭಾಗವಾಗಿ ದಾರಿ ಬಿಟ್ಟಿತು. ಬಂಡಿಗಳು ದಾಟಿದ ಮೇಲೆ ಮತ್ತೆ ಕೂಡಿಕೊಂಡಿತು.

ನೀರು ಇಬ್ಭಾಗವಾದದ್ದನ್ನು ಚರಿತ್ರೆ ಎಂದು ಯಾರೂ ಓದುವುದಿಲ್ಲ. ಆದರೆ ಈ ಕಥೆಯಲ್ಲಿ ಒಂದು ಭೂಗೋಳ ಅಡಗಿದೆ, ಅದನ್ನು ಗಮನಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಪಾಲಾರ್ ನದಿಯ ಹುಟ್ಟು ನಂದಿ ಬೆಟ್ಟಗಳ ಸಾಲಿನಲ್ಲಿ ಎಂದು ಹೇಳುತ್ತಾರೆ. ಕಂಚಿಯ ಕಡೆಯಿಂದ ಹೊರಟ ಬಂಡಿಗಳು ಕೊನೆಗೆ ನಿಂತದ್ದು ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ಬುಡದಲ್ಲಿ. ದಾರಿ ಕೊಟ್ಟ ನದಿಯ ತವರಿನ ಬಳಿಯೇ ಅವರು ನೆಲೆ ಹುಡುಕಿಕೊಂಡರು. ನದಿಯ ದಿಕ್ಕನ್ನು ನಂಬಿ ಮೇಲ್ಮುಖವಾಗಿ ಸಾಗಿದ ರೈತರ ಗುಂಪೊಂದು, ಹೊಸ ಬೇಸಾಯದ ನೆಲ ಹುಡುಕುತ್ತಾ ತಮಿಳು ಸೀಮೆಯಿಂದ ಮೈಸೂರು ಪ್ರಸ್ಥಭೂಮಿಗೆ ಹತ್ತಿದ ನೆನಪು ಇದರ ಹಿಂದೆ ಇರಬೇಕು ಎಂಬುದು ನನ್ನ ಎಣಿಕೆ.

ಬಂದವರು ಏಳು ಮಂದಿ ಅಣ್ಣತಮ್ಮಂದಿರು ಎಂದು ಪರಂಪರೆ ಹೇಳುತ್ತದೆ. ಅವರ ಮುಖಂಡ ರಣಭೈರೇಗೌಡ. ಅವರು ನೆಲೆನಿಂತ ಊರು ಆಹುತಿ. ಅದೇ ಜನರ ಬಾಯಲ್ಲಿ ಅವತಿ ಆಯಿತು. ಆತನ ಮಗ ಮಲ್ಲಭೈರೇಗೌಡನ ಹೆಸರಿಗೆ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಮೂರೂ ಸೇರುತ್ತವೆ. ಒಂದು ಕವಲು ಕೋಲಾರದ ಕಡೆಯ ಸುಗಟೂರಿಗೆ ಹೋಯಿತು. ಇನ್ನೊಬ್ಬ, ಜಯಗೌಡ, ದಕ್ಷಿಣಕ್ಕೆ ನಡೆದು ಯಲಹಂಕ ನಾಡನ್ನು ಪಡೆದ. ಆ ಯಲಹಂಕದ ಪ್ರಭುಗಳ ವಂಶದಲ್ಲೇ ಮುಂದೆ ಕೆಂಪೇಗೌಡರು ಹುಟ್ಟಿದರು.

ಇಲ್ಲಿ ಬರುವ 'ಗೌಡ', 'ನಾಡಪ್ರಭು', 'ಪಾಳೆಯಗಾರ' ಎಂಬ ಪದಗಳನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ವಿಜಯನಗರದ ಅರಸರಿಗೆ ರಾಜಧಾನಿಯಿಂದ ದೂರದ ಈ ಬಯಲಿನಲ್ಲಿ ನೇರವಾಗಿ ಆಳಲು ಜನ ಇರಲಿಲ್ಲ. ಕಾಡು ಕಡಿದು, ಕೆರೆ ಕಟ್ಟಿಸಿ, ಒಕ್ಕಲು ತಂದು ಕೂರಿಸುವ ಧೈರ್ಯವಿದ್ದವನಿಗೆ ಒಂದು ಸೀಮೆಯನ್ನು ಒಪ್ಪಿಸುತ್ತಿದ್ದರು. ಅವನು ಕಂದಾಯದಲ್ಲಿ ಒಂದು ಪಾಲು ಕಟ್ಟಬೇಕು, ಕರೆದಾಗ ಕಾಲಾಳುಗಳನ್ನು ಕಳುಹಿಸಬೇಕು, ತನ್ನ ಸೀಮೆಯನ್ನು ತಾನೇ ಕಾಯಬೇಕು. ಆದ್ದರಿಂದಲೇ ಇವರು ಊರು ಕಟ್ಟುವಾಗ ಕೋಟೆ, ಕೆರೆ, ಸಂತೆ ಮೂರನ್ನೂ ಒಟ್ಟಿಗೆ ಕಟ್ಟಿದರು. ಕೋಟೆ ರಕ್ಷಣೆಗೆ, ಕೆರೆ ಬೆಳೆಗೆ, ಸಂತೆ ಸುಂಕಕ್ಕೆ. ಬೆಂಗಳೂರಿನಲ್ಲಿ ಕೆಂಪೇಗೌಡರು ಮಾಡಿದ್ದೂ ಇದನ್ನೇ, ಇನ್ನೂ ದೊಡ್ಡ ಅಳತೆಯಲ್ಲಿ. ಊರು ಕಟ್ಟುವ ಈ ಕಸುಬನ್ನು ಬಂಧುಗಳು ಅದಾಗಲೇ ಇತ್ತ ಕಡೆ ಮಾಡಿ ತೋರಿಸಿದ್ದರು.

ಅವತಿಯಲ್ಲಿ ಈಗ ನೋಡಲು ದೊಡ್ಡ ಕಟ್ಟಡಗಳಿಲ್ಲ. ತಿಮ್ಮರಾಯಸ್ವಾಮಿ ಬೆಟ್ಟವಿದೆ, ಹತ್ತಿದರೆ ಸುತ್ತಲಿನ ಸೀಮೆಯೆಲ್ಲ ಕಣ್ಣಿಗೆ ಬೀಳುತ್ತದೆ. ಈ ಸಮುದಾಯದ ದೈವ ಬಂಡಿದೇವರು. ಬಂಡಿ ಏರಿ ಬಂದವರು ಬಂಡಿಯ ಹೆಸರಿನಲ್ಲೇ ದೇವರನ್ನು ನೆನೆಯುವುದರಲ್ಲಿ ಸೋಜಿಗವೇನಿಲ್ಲ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ ಹಿಂದೆ ಬೆರಳು ಕೊಡುವ ಪದ್ಧತಿ ಇತ್ತು: ಹಿರಿಯ ಮಗಳ ಕಿವಿ ಚುಚ್ಚುವ ಮುನ್ನ ತಾಯಿ ತನ್ನ ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ದೇವರಿಗೆ ಅರ್ಪಿಸಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರು ಸರ್ಕಾರ ಇದನ್ನು ನಿಷೇಧಿಸಿತು. ನದಿಗೆ ಓಲೆ ಕೊಟ್ಟ ಹುಡುಗಿಯ ಕಥೆಯನ್ನೂ ಬೆರಳು ಕೊಟ್ಟ ತಾಯಂದಿರನ್ನೂ ಒಟ್ಟಿಗೆ ನೆನೆದರೆ, ಗಂಡಸರ ಹೆಸರುಗಳೇ ತುಂಬಿರುವ ಈ ವಂಶಾವಳಿಗೆ ಬೆಲೆ ತೆತ್ತವರು ಯಾರು ಎಂಬುದು ಕಾಣುತ್ತದೆ.

ಮಣ್ಣಿನ ಗೋಡೆ, ಕಲ್ಲಿನ ಕೊತ್ತಲ

ಈಗ ಮರಳಿ ಕೋಟೆಗೆ ಬರೋಣ. ಮಲ್ಲಭೈರೇಗೌಡ ಕೋಟೆ ಕಟ್ಟಿದಾಗ ಈ ಊರಿಗೆ ದೇವನದೊಡ್ಡಿ ಎಂಬ ಹೆಸರಿತ್ತು. ದೊಡ್ಡಿ ಎಂದರೆ ದನ ಕೂಡುವ ಜಾಗ; ಊರಿನ ಮೊದಲ ರೂಪ ಏನಿತ್ತೆಂದು ಆ ಪದವೇ ಹೇಳುತ್ತದೆ. ಆಗಿನ ಕೋಟೆ ಮಣ್ಣಿನದು. ಮಣ್ಣಿನ ಕೋಟೆ ಎಂದರೆ ಬಡವರ ಕೋಟೆ ಎಂದು ತಿಳಿಯಬೇಕಾಗಿಲ್ಲ. ಕಂದಕ ತೋಡಿದಾಗ ಸಿಗುವ ಕೆಮ್ಮಣ್ಣನ್ನೇ ಒಳಬದಿಗೆ ಏರಿಸಿ ದಪ್ಪ ಗೋಡೆ ಮಾಡಿದರೆ ಒಂದೇ ದುಡಿಮೆಯಲ್ಲಿ ಎರಡು ಅಡ್ಡಿಗಳು ಸಿದ್ಧವಾಗುತ್ತವೆ. ಕುದುರೆ ಸವಾರರನ್ನೂ ಕಾಲಾಳುಗಳನ್ನೂ ತಡೆಯಲು ಅದು ಸಾಕಾಗಿತ್ತು.

ಇವತ್ತು ನಾವು ನೋಡುವ ಕಲ್ಲಿನ ಕೋಟೆ ಹೈದರ್ ಅಲಿ ಮತ್ತು ಟಿಪ್ಪುವಿನ ಕಾಲದ್ದು. ಸುಮಾರು 20 ಎಕರೆ ವಿಸ್ತಾರ, ಮೊಟ್ಟೆಯಂತೆ ಉದ್ದುರುಟಾದ ಆಕಾರ, ಪೂರ್ವ ಮತ್ತು ಪಶ್ಚಿಮಕ್ಕೆ ಬಾಗಿಲುಗಳು, ಗೋಡೆಯ ಉದ್ದಕ್ಕೂ 12 ಅರೆವೃತ್ತದ ಕೊತ್ತಲಗಳು. ಕೊತ್ತಲಗಳು ಏಕೆ ದುಂಡಗಿವೆ ಎಂದು ಮಕ್ಕಳು ಕೇಳಿದರೆ ಹೇಳಲು ಒಳ್ಳೆಯ ಉತ್ತರವಿದೆ. ಚೌಕ ಮೂಲೆಗೆ ಫಿರಂಗಿಯ ಗುಂಡು ಬಡಿದರೆ ಮೂಲೆ ಒಡೆದು ಬೀಳುತ್ತದೆ. ದುಂಡನೆಯ ಮೈಗೆ ಬಡಿದ ಗುಂಡು ಪಕ್ಕಕ್ಕೆ ಜಾರುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ನೇರ ಗೋಡೆಯ ಬುಡಕ್ಕೆ ಶತ್ರು ಬಂದು ಅಂಟಿಕೊಂಡು ನಿಂತರೆ ಮೇಲಿನವರಿಗೆ ಅವನು ಕಾಣುವುದಿಲ್ಲ. ಹೊರಕ್ಕೆ ಉಬ್ಬಿದ ಕೊತ್ತಲದಲ್ಲಿ ನಿಂತವನಿಗೆ ಎಡಬಲದ ಗೋಡೆಯ ಬುಡ ಪೂರ್ತಿ ಕಾಣುತ್ತದೆ. ಎರಡು ಕೊತ್ತಲಗಳ ನಡುವಿನ ಅಂತರವನ್ನು ಎರಡೂ ಕಡೆಯಿಂದ ಕಾಯಬಹುದು. ಗೋಡೆಯ ಮೇಲಿನ ಇಟ್ಟಿಗೆ-ಗಾರೆಯ ಕಿಂಡಿಗಳನ್ನು ಬಗ್ಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಬೀದಿಗಳಿವೆ, ಮನೆಗಳ ಮುಂದೆ ರಂಗೋಲಿ ಇರುತ್ತದೆ, ಸಾಲುಸಾಲು ದೇವಸ್ಥಾನಗಳಿವೆ. ಇವುಗಳಲ್ಲಿ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಸಾಕಷ್ಟು ಸಮಯ ಇಟ್ಟುಕೊಂಡು ಹೋಗಿ. ಹೊರಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳೂ ಕೃಷ್ಣನ ಬಾಲಲೀಲೆಗಳೂ ಸಾಲಾಗಿ ಕೆತ್ತಿವೆ. ಬೇಲೂರಿನ ಕುಸುರಿಗೆ ಹೋಲಿಸಿ ನಿರಾಶರಾಗಬೇಡಿ. ಬೇಲೂರಿನದು ಮೆದುವಾದ ಬಳಪದ ಕಲ್ಲು. ಇಲ್ಲಿನದು ಗಟ್ಟಿ ಕಣಶಿಲೆ, ಉಳಿ ಸುಲಭವಾಗಿ ಇಳಿಯುವುದಿಲ್ಲ. ಆ ಕಲ್ಲಿನಲ್ಲಿ ಕಥೆ ಹೇಳಬೇಕಾದರೆ ಅಲಂಕಾರ ಬಿಟ್ಟು ನಿಲುವು, ಚಲನೆ, ಕೈಯ ಬೀಸು ಇವುಗಳಿಂದಲೇ ಹೇಳಬೇಕು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಹೋದರೆ ಉಬ್ಬುಚಿತ್ರಗಳು ಚೆನ್ನಾಗಿ ಕಾಣುತ್ತವೆ.

ಒಂದು ಬಾಗಿಲಿನ ಕಾವಲು

1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ದೊಡ್ಡ ದಂಡಿನೊಂದಿಗೆ ಬಂದು ದೇವನಹಳ್ಳಿಗೆ ಮುತ್ತಿಗೆ ಹಾಕಿದ. ಸಣ್ಣ ಪಾಳೆಯಗಾರನ ಕೋಟೆ ವಾರದೊಳಗೆ ಶರಣಾಗುತ್ತದೆ ಎಂದುಕೊಂಡಿದ್ದರೇನೋ, ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಮೈಸೂರಿನ ಸೇನೆಯಲ್ಲಿ ಶಹಬಾಜ್ ಎಂಬ ಅಧಿಕಾರಿ ಇದ್ದ. ಅವನ ತಮ್ಮ ಸ್ವಂತ ಇಷ್ಟದಿಂದ ಸವಾರನಾಗಿ ಬಂದು ಅಣ್ಣನ ಜೊತೆ ಸೇರಿಕೊಂಡಿದ್ದ. ಹುಟ್ಟಿದ್ದು ಕೋಲಾರದ ಕಡೆಯ ಬೂದಿಕೋಟೆಯಲ್ಲಿ. ಅಲ್ಲಿಯವರೆಗೆ ಯಾವ ಹುದ್ದೆಯೂ ಇಲ್ಲದ ಆ ಮನುಷ್ಯ ಮುತ್ತಿಗೆಯ ಕಾಳಗಗಳಲ್ಲಿ ತೋರಿಸಿದ ನೆಮ್ಮದಿಯ ಧೈರ್ಯ ದಳವಾಯಿಯ ಕಣ್ಣಿಗೆ ಬಿತ್ತು. ಕೋಟೆ ವಶವಾದ ಮೇಲೆ ಅವನಿಗೆ 50 ಕುದುರೆ ಸವಾರರನ್ನೂ 200 ಕಾಲಾಳುಗಳನ್ನೂ ಕೊಟ್ಟು, ದೇವನಹಳ್ಳಿ ಕೋಟೆಯ ಒಂದು ಬಾಗಿಲಿನ ಕಾವಲನ್ನು ಒಪ್ಪಿಸಲಾಯಿತು. ಅವನೇ ಹೈದರ್ ಅಲಿ. ಮುಂದೆ ಮೈಸೂರು ರಾಜ್ಯದ ಇಡೀ ಅಧಿಕಾರ ಅವನ ಕೈಗೆ ಬಂದು, ಬ್ರಿಟಿಷರನ್ನು ಮದ್ರಾಸಿನ ಹೊಸ್ತಿಲವರೆಗೆ ಅಟ್ಟಿದ ಕಥೆ ಎಲ್ಲರಿಗೂ ಗೊತ್ತು. ಅದರ ಮೊದಲ ಮೆಟ್ಟಿಲು ಇಲ್ಲಿದೆ.

ಆಗ ದೇವನಹಳ್ಳಿ ಮೈಸೂರಿನ ಗಡಿ ಠಾಣೆ. ಆಚೆ ಚಿಕ್ಕಬಳ್ಳಾಪುರದ ಪಾಳೆಯಗಾರರು, ಅವರಾಚೆ ಮರಾಠರು ಮತ್ತು ನಿಜಾಮರ ಹಕ್ಕಿನ ನೆಲಗಳು. ಒಂದು ಬಾಗಿಲಿನ ಕಾವಲು ಸಣ್ಣ ಕೆಲಸವಾಗಿರಲಿಲ್ಲ ಎಂಬುದನ್ನು ಈ ನಕ್ಷೆ ನೋಡಿದರೆ ತಿಳಿಯುತ್ತದೆ.

ಗಡಿಯಲ್ಲಿ ಬಿಡಾರ ಹೂಡಿದ್ದ ಆ ದಿನಗಳಲ್ಲೇ ಹೈದರ್ ಮತ್ತು ಫಕ್ರುನ್ನೀಸಾ ದಂಪತಿಗೆ ಟಿಪ್ಪು ಹುಟ್ಟಿದ. ತಾರೀಖು 1750ರ ನವೆಂಬರ್ 20 ಎಂದು ಹೆಚ್ಚಿನವರು ಬರೆಯುತ್ತಾರೆ. 1751ರ ಡಿಸೆಂಬರ್ 1 ಎನ್ನುವವರೂ ಇದ್ದಾರೆ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನು ಮಗುವಿಗೆ ಇಟ್ಟರು. ಕೋಟೆಗೆ ಹತ್ತಿರದಲ್ಲಿ ಕಲ್ಲಿನ ಕಂಬಗಳ ಒಂದು ಸಣ್ಣ ಮಂಟಪ ಆ ಜಾಗವನ್ನು ಗುರುತಿಸುತ್ತದೆ. ಅರಮನೆಯನ್ನು ನಿರೀಕ್ಷಿಸಿ ಹೋದವರಿಗೆ ಅದು ತೀರಾ ಚಿಕ್ಕದೆನಿಸಬಹುದು. ಟಿಪ್ಪು ಹುಟ್ಟಿದ ಹೊತ್ತಿನಲ್ಲಿ ತಂದೆ ಅರಸನಾಗಿರಲಿಲ್ಲ, ಗಡಿ ಕೋಟೆಯ ಒಬ್ಬ ಅಧಿಕಾರಿ ಅಷ್ಟೆ. ಹಾಗೆ ನೋಡಿದರೆ ಮಂಟಪದ ಅಳತೆ ಸರಿಯಾಗಿಯೇ ಇದೆ. ಕೋಟೆಯೂ ಈ ಜಾಗವೂ ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ.

ದೊರೆಯಾದ ಮೇಲೆ ಟಿಪ್ಪು ತನ್ನ ಹುಟ್ಟೂರಿಗೆ ಯೂಸುಫಾಬಾದ್ ಎಂದು ಹೆಸರಿಟ್ಟ. ಹೆಸರು ನಿಲ್ಲಲಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನಿಜಾಮನ ಕುದುರೆ ದಂಡನ್ನು ಕೂಡಿಕೊಳ್ಳಲು ಉತ್ತರಕ್ಕೆ ಹೊರಟಾಗ ದೇವನಹಳ್ಳಿ ಅವನ ವಶವಾಯಿತು. ಕಲ್ಲಿನ ಕೋಟೆಯ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಂದಿದುರ್ಗವೂ ಬಿತ್ತು.

ನೀರಿಲ್ಲದ ನದಿಗಳ ತವರು

ಈ ಸೀಮೆಯ ವಿಚಿತ್ರವೇನೆಂದರೆ, ಸುತ್ತಮುತ್ತ ಇಷ್ಟೊಂದು ನದಿಗಳು ಹುಟ್ಟಿಯೂ ಕುಡಿಯಲು ನೀರಿಲ್ಲ. ನಂದಿ ಬೆಟ್ಟಗಳ ಸಾಲಿನಿಂದ ಅರ್ಕಾವತಿ ಹೊರಟು ಕಾವೇರಿಗೆ ಸೇರುತ್ತದೆ, ಉತ್ತರ ಪಿನಾಕಿನಿ ಆಂಧ್ರಕ್ಕೆ ಹೋಗುತ್ತದೆ, ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಕಡೆಯಿಂದ ತಮಿಳುನಾಡಿಗೆ ಇಳಿಯುತ್ತದೆ. ನೀರು ನಾಲ್ಕು ದಿಕ್ಕಿಗೆ ಹಂಚಿಹೋಗುವ ಎತ್ತರದ ನೆಲವಿದು. ಎತ್ತರದಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ, ಹಿಡಿದು ನಿಲ್ಲಿಸಬೇಕು. ಅದಕ್ಕಾಗಿಯೇ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಹಿಂದಿನವರು ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಕೊಳವೆ ಬಾವಿಗಳು ಬಂದ ಮೇಲೆ ಕೆರೆಯ ಹಂಗು ತಪ್ಪಿತು ಎಂದುಕೊಂಡೆವು. ರಾಜಕಾಲುವೆಗಳು ಮುಚ್ಚಿದವು, ಕೆರೆಗಳು ಬತ್ತಿದವು, ಕೊಳವೆ ಬಾವಿಗಳೂ ಆಳಕ್ಕೆ ಹೋಗುತ್ತಾ ಹೋಗುತ್ತಾ ಬರಿದಾದವು.

ದೇವನಹಳ್ಳಿ ಪೇಟೆಯ ಪಕ್ಕದ ಕೆರೆಯ ಹೆಸರು ಸಿಹಿನೀರು ಕೆರೆ. ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಊರು ಕುಡಿಯುತ್ತಿದ್ದ ನೀರು. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಆ ಕೆರೆಗೆ ಈಗ ಮತ್ತೆ ನೀರು ಬಂದಿದೆ, ಮತ್ತು ಆ ನೀರು ಬಂದ ದಾರಿಯನ್ನು ವಿವರಿಸಲೇಬೇಕು. ಬೆಂಗಳೂರಿನ ಮನೆಗಳ ಚರಂಡಿ ನೀರನ್ನು ಶುದ್ಧೀಕರಣ ಘಟಕಗಳಲ್ಲಿ ಎರಡು ಹಂತದಲ್ಲಿ ಸಂಸ್ಕರಿಸಿ, ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಕೊಳವೆಗಳ ಮೂಲಕ ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ 65 ಕೆರೆಗಳಿಗೆ ಮೇಲಕ್ಕೆ ಎತ್ತಿ ತುಂಬಿಸುತ್ತಾರೆ. ಯೋಜನೆಯ ಅಳತೆ ದಿನಕ್ಕೆ 21 ಕೋಟಿ ಲೀಟರ್. ಬಾಗಲೂರು ಕೆರೆಯಿಂದ ಒಂದು ಪಾಲು ಸಿಹಿನೀರು ಕೆರೆಗೆ ಬರುತ್ತದೆ. ಕೆರೆಯ ನೀರನ್ನು ಯಾರೂ ನೇರವಾಗಿ ಕುಡಿಯುವುದಿಲ್ಲ. ಅದು ಮಣ್ಣಿನ ಪದರಗಳಲ್ಲಿ ಇಂಗಿ, ಸೋಸಿಕೊಂಡು, ಪಕ್ಕದ ಹಳೆಯ ತೆರೆದ ಬಾವಿಗೆ ಜಿನುಗುತ್ತದೆ. ಆ ಬಾವಿಯನ್ನು ಹೂಳೆತ್ತಿ ಸರಿಪಡಿಸಿ, ಅಲ್ಲಿಂದ ಎತ್ತಿದ ನೀರನ್ನು ಮತ್ತೊಮ್ಮೆ ಶುದ್ಧಗೊಳಿಸಿ ಊರಿಗೆ ಕೊಡುವ ಏರ್ಪಾಡು ಆಗಿದೆ.

ಕಾವೇರಿಯಿಂದ ಬೆಂಗಳೂರಿಗೆ ಹತ್ತಿ ಬಂದ ನೀರು, ಅಲ್ಲಿ ಬಳಕೆಯಾಗಿ, ದೇವನಹಳ್ಳಿಯ ಬಾವಿಯವರೆಗೆ ಬರುತ್ತದೆ. ಸಂಸ್ಕರಣೆ ಇನ್ನೂ ಒಂದು ಹಂತ ಮೇಲೇರಬೇಕು ಎಂಬ ಒತ್ತಾಯ ಈ ಜಿಲ್ಲೆಗಳಲ್ಲಿ ಇದೆ, ಅದು ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. ನೀರು ಬಂದದ್ದು ಸಂತೋಷ. ಆ ನೀರಿನಲ್ಲಿ ಏನಿದೆ ಎಂಬುದನ್ನು ಬಿಡದೆ ಪರೀಕ್ಷಿಸುತ್ತಿರಬೇಕಾದದ್ದೂ ಅಷ್ಟೇ ಅಗತ್ಯ.

ವಿಮಾನ, ಮಂಜು, ಮತ್ತು ನೆಲ

ವಿಮಾನ ನಿಲ್ದಾಣದ ಚರಿತ್ರೆ ಚಿಕ್ಕದು. ಜಾಗ ಹುಡುಕುವ ಸಮಿತಿ ದೇವನಹಳ್ಳಿಯನ್ನು ಸೂಚಿಸಿದ್ದು 1991ರಲ್ಲಿ. ಕಟ್ಟಡದ ಕೆಲಸ ಶುರುವಾದದ್ದು 2005ರಲ್ಲಿ, ವಿಮಾನಗಳು ಇಳಿಯತೊಡಗಿದ್ದು 2008ರ ಮೇ 24ರಂದು. ಸುಮಾರು 4,000 ಎಕರೆ. 2013ರಲ್ಲಿ ಕೆಂಪೇಗೌಡರ ಹೆಸರು ಬಂತು. 2022ರ ನವೆಂಬರ್ 11ರಂದು ಎರಡನೇ ಟರ್ಮಿನಲ್ ಮತ್ತು 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಒಂದೇ ದಿನ ಉದ್ಘಾಟನೆಯಾದವು. ಪೂರ್ವಿಕರು ಬಂಡಿ ಇಳಿದ ಸೀಮೆಯಲ್ಲಿಯೇ ಆ ಪ್ರತಿಮೆ ನಿಂತಿದೆ ಎಂಬ ವಿಷಯವನ್ನು ಅಲ್ಲಿ ಫೋಟೊ ತೆಗೆದುಕೊಳ್ಳುವವರಿಗೆ ಯಾರಾದರೂ ಹೇಳಬೇಕು ಎಂದು ನನಗೆ ಆಸೆ.

ಚಳಿಗಾಲದ ಬೆಳಗಿನಲ್ಲಿ ವಿಮಾನಗಳು ತಡವಾಗುವುದೂ ಈ ನೆಲದ ಗುಣದಿಂದಲೇ. ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದ ಬಯಲು. ಮೋಡವಿಲ್ಲದ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ನೆಲಕ್ಕೆ ತಾಗಿದ ತೇವದ ಗಾಳಿ ತಣ್ಣಗಾಗಿ ಹನಿಗಟ್ಟಿ ಮಂಜಾಗುತ್ತದೆ. ಗಾಳಿ ಬೀಸದಿದ್ದರೆ ಅದು ಸೂರ್ಯ ಮೇಲೇರುವವರೆಗೆ ಕದಲುವುದಿಲ್ಲ. 2020ರ ಕೊನೆಯಲ್ಲಿ ದಕ್ಷಿಣದ ರನ್‌ವೇಗೆ ಬಂದ ಹೊಸ ವ್ಯವಸ್ಥೆಯಿಂದ 50 ಮೀಟರ್‌ವರೆಗೆ ಮಾತ್ರ ಕಣ್ಣು ಹಾಯುವಾಗಲೂ ಇಳಿಯಬಹುದು.

ಆಕಾಶದ ವಿಷಯ ಇಷ್ಟಾದರೆ, ನೆಲದ ವಿಷಯ ಹೆಚ್ಚು ಕಷ್ಟದ್ದು. ನಿಲ್ದಾಣದ ಹಿಂದೆಯೇ ಕೈಗಾರಿಕಾ ವಲಯಗಳು ಬಂದವು, ವೈಮಾನಿಕ ಕಂಪನಿಗಳು ಬಂದವು. 2022ರ ಜನವರಿಯಲ್ಲಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಸೂಚನೆ ಹೊರಟಿತು. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ನೆಲ. ಹಸು ಕಟ್ಟಿ ಹಾಲು ಹಾಕಿ ಬದುಕುವ ಮನೆಗಳು. ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಮಳೆ, ಬಿಸಿಲು, ಚುನಾವಣೆ, ಸರ್ಕಾರದ ಬದಲಾವಣೆ ಎಲ್ಲವೂ ಬಂದು ಹೋದವು; ಧರಣಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಅದೇ ತಿಂಗಳ ಆರಂಭದಲ್ಲಿ ನಂದಿ ಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿತ್ತು. ಹೆಸರಿನಿಂದ 'ಗ್ರಾಮ' ಹೋಗುವ ಹೊತ್ತಿನಲ್ಲೇ ಹದಿಮೂರು ಗ್ರಾಮಗಳ ಹೊಲಗಳು ಉಳಿದುಕೊಂಡವು.

ಆ ಹದಿಮೂರರಲ್ಲಿ ನಲ್ಲೂರೂ ಒಂದು. ದೇವನಹಳ್ಳಿಗೆ ಹೋದವರು ಒಂದೇ ಒಂದು ಜಾಗ ನೋಡಲು ಸಮಯವಿದೆ ಎಂದರೆ ನಾನು ಕೋಟೆಯನ್ನೂ ಬಿಟ್ಟು ನಲ್ಲೂರಿಗೇ ಕಳುಹಿಸುತ್ತೇನೆ. ಅಲ್ಲಿ 54 ಎಕರೆಯ ಹುಣಸೆ ತೋಪಿದೆ, ಸುಮಾರು 300 ಮರಗಳು. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಇಡೀ ದೇಶದಲ್ಲಿ ಆ ಮನ್ನಣೆ ಪಡೆದ ಮೊದಲ ತಾಣ ಇದು. ಚೋಳರ ಕಾಲದ ಮರಗಳು ಎಂದು ಊರಿನವರು ಹೇಳುತ್ತಾರೆ. ಪರೀಕ್ಷೆಗಳು ಹೇಳುವುದು ಅತಿ ಹಳೆಯ ಮರಕ್ಕೆ ನಾನೂರು ವರ್ಷ ದಾಟಿದೆ ಎಂದು. ಅಷ್ಟೇ ಆದರೂ, ಕಾರ್ನ್‌ವಾಲಿಸನ ದಂಡು ಈ ಸೀಮೆಗೆ ಬಂದಾಗ ಅದು ಇನ್ನೂರು ವರ್ಷ ಸಮೀಪಿಸುತ್ತಿದ್ದ ಮರ.

ಈ ಮರಗಳು ಇಷ್ಟು ಕಾಲ ಬದುಕಿದ್ದು ಹೇಗೆ ಎಂಬುದು ತೋಪಿನೊಳಗೆ ನಡೆದರೆ ಕಾಣುತ್ತದೆ. ಕಾಂಡದ ತಿರುಳು ಪೂರ್ತಿ ಪೊಳ್ಳಾಗಿ, ಒಳಗೆ ಆಳು ನಿಲ್ಲುವಷ್ಟು ಜಾಗವಿದ್ದರೂ ಮೇಲೆ ಹಸಿರು ಇರುತ್ತದೆ. ಮರಕ್ಕೆ ಜೀವ ಇರುವುದು ತೊಗಟೆಯ ಒಳಗಿನ ತೆಳು ಪದರದಲ್ಲಿ. ನಡುವಿನ ಕಟ್ಟಿಗೆ ಕೇವಲ ಆಸರೆ. ನೆಲಕ್ಕೆ ಒರಗಿದ ಕೊಂಬೆಗಳು ಮಣ್ಣು ತಾಗಿದ ಕಡೆ ಮತ್ತೆ ಬೇರೂರಿ ಹೊಸ ಕಾಂಡವಾಗಿ ಎದ್ದಿವೆ. ಒಂದೇ ಮರ ಬಿದ್ದು, ಎದ್ದು, ಪಕ್ಕಕ್ಕೆ ಸರಿಯುತ್ತಾ ಶತಮಾನಗಳನ್ನು ಕಳೆದಿದೆ. ನಡುವೆ ಹಾಳು ಬಿದ್ದ ದೇವಾಲಯದ ಕಲ್ಲುಗಳಿವೆ. ಮನ್ನಣೆ ಸಿಕ್ಕ ಮಾತ್ರಕ್ಕೆ ತೋಪು ಸುರಕ್ಷಿತವಾಗಲಿಲ್ಲ. ಬಂದಳಿಕೆ, ಕೊಂಬೆ ಕಡಿಯುವವರು, ಕಸ ಎಸೆಯುವವರು, ಬತ್ತುತ್ತಿರುವ ಅಂತರ್ಜಲ ಎಲ್ಲವೂ ಅದನ್ನು ಕಾಡುತ್ತಿವೆ. ಹೋಗುವವರು ತಂದ ಬುತ್ತಿಯ ಕಾಗದವನ್ನಾದರೂ ಮರಳಿ ಒಯ್ಯಬೇಕೆಂದು ಕೈಮುಗಿದು ಕೇಳುತ್ತೇನೆ.

ಹೋಗುವ ದಾರಿ, ತರುವ ಹಣ್ಣು

ಬಸ್ಸು ಬೇಕಾದಷ್ಟಿದೆ. ಆದರೆ ಸಮಯ ಕೂಡಿಬಂದರೆ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದ ರೈಲಿನಲ್ಲಿ ಹೋಗಿ. 1915ರಲ್ಲಿ ಕಿರುಹಳಿಯ ಗಾಡಿಗಾಗಿ ಹಾಕಿದ ಮಾರ್ಗವಿದು. ದೊಡ್ಡಜಾಲ, ದೇವನಹಳ್ಳಿ, ಅವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳಲ್ಲಿ ಆ ಕಾಲದ ಪುಟ್ಟ ಕಟ್ಟಡಗಳಿವೆ. 2021ರ ಜನವರಿಯಿಂದ ವಿಮಾನ ನಿಲ್ದಾಣಕ್ಕೂ ಇದೇ ಹಳಿಯ ಮೇಲೆ ಒಂದು ನಿಲುಗಡೆ ಇದೆ. ಬೆಳಿಗ್ಗೆ ಕೋಟೆ, ವೇಣುಗೋಪಾಲಸ್ವಾಮಿ, ಟಿಪ್ಪು ಹುಟ್ಟಿದ ಜಾಗ ನಡೆದೇ ನೋಡಬಹುದು. ನಲ್ಲೂರಿಗೂ ಅವತಿಗೂ ವಾಹನ ಬೇಕು, ಎರಡೂ ಬೇರೆ ಬೇರೆ ದಿಕ್ಕಿನಲ್ಲಿವೆ.

ಮರಳುವಾಗ ಚಕ್ಕೋತ ಸಿಕ್ಕರೆ ಬಿಡಬೇಡಿ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ನಿಂಬೆಯ ಕುಲದಲ್ಲಿ ಅತಿ ದೊಡ್ಡ ಹಣ್ಣು ಇದು, ಕಿತ್ತಳೆಯ ಪೂರ್ವಜರಲ್ಲಿ ಒಬ್ಬರು. ಬೇರೆಡೆಯ ಚಕ್ಕೋತದಲ್ಲಿ ಕಹಿ ಇಣುಕುತ್ತದೆ, ಇಲ್ಲಿನದು ಸಿಹಿ. ಆದರೆ ಈ ಸಿಹಿ ಬೀಜದಿಂದ ಬರುವುದಿಲ್ಲ. ಚಕ್ಕೋತದ ಬೀಜ ನೆಟ್ಟರೆ ಪರಾಗ ಯಾವ ಮರದಿಂದ ಬಂತೋ ಆ ಗುಣವೂ ಬೆರೆತು, ಮಗು ತಾಯಿಯಂತೆ ಇರುವ ಭರವಸೆಯಿಲ್ಲ. ಒಳ್ಳೆಯ ಮರದ ಕೊಂಬೆಗೆ ಗೂಟಿ ಕಟ್ಟಿಯೇ, ಅಂದರೆ ಕೊಂಬೆಯ ಸಿಪ್ಪೆ ಸುಲಿದು ತೇವದ ಮಣ್ಣು ಕಟ್ಟಿ ಬೇರು ಬರಿಸಿಯೇ, ಸಸಿ ಮಾಡಬೇಕು. ಹಾಗಾಗಿ ನಿವೇಶನಕ್ಕೆಂದು ಒಂದು ಹಳೆಯ ತೋಟ ಕಡಿದರೆ ಆ ಮರದ ರುಚಿ ಎಲ್ಲಿಯೂ ಉಳಿಯುವುದಿಲ್ಲ. ಈಗ ತೋಟಗಳು ಕಡಿಮೆಯಾಗಿವೆ, ಹಲವು ಮನೆಗಳ ಹಿತ್ತಲಲ್ಲಿ ಒಂದೊಂದು ಮರ ಉಳಿದಿದೆ.

ಕೊಂಡ ಹಣ್ಣನ್ನು ಅದೇ ದಿನ ಕೊಯ್ಯುವ ಅವಸರ ಬೇಡ. ದಪ್ಪ ಸಿಪ್ಪೆಯ ಒಳಗೆ ಹಲವು ದಿನ ಕೆಡದೆ ಇರುತ್ತದೆ. ಗಾತ್ರಕ್ಕಿಂತ ತೂಕ ನೋಡಿ ಆರಿಸಿ, ಕೈಗೆ ಭಾರವೆನಿಸಿದ್ದರಲ್ಲಿ ರಸ ಹೆಚ್ಚು. ಚಾಕುವಿನಿಂದ ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ಗೀರಿ ಕಮಲದ ಎಸಳಿನಂತೆ ಬಿಡಿಸಿ. ತೊಳೆಗಳ ಮೇಲಿನ ಬಿಳಿ ಪೊರೆಯಲ್ಲಿ ಕಹಿ ಇದೆ, ಅದನ್ನು ಪೂರ್ತಿ ತೆಗೆದು ಒಳಗಿನ ರಸದ ಎಳೆಗಳನ್ನಷ್ಟೇ ಬಟ್ಟಲಿಗೆ ಹಾಕಿ. ಚಿಟಿಕೆ ಉಪ್ಪು, ಚಿಟಿಕೆ ಖಾರದಪುಡಿ ಉದುರಿಸಿ ಹತ್ತು ನಿಮಿಷ ಬಿಟ್ಟು ತಿನ್ನಿ.